ನಂಬರು ಕೇಳುವ ಭಾವ

ನಮ್ಮ ಭಾವ ಹೆಂಡತಿಯ ಮಾತನ್ನು ಒಮ್ಮೆಯೂ ಅಲ್ಲಗಳೆದವರಲ್ಲ. ಆದರೆ ನಂಬರು ಕೊಡದೆ ಅವಳ ಒಂದು ಮಾತನ್ನೂ ಒಪ್ಪಿದವರಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಖಾತ್ರಿಯಾಗದ ಸಂಗತಿಯನ್ನು ಬರೆಯುವ ಅಭ್ಯಾಸವಿಲ್ಲ.

ಭಾವ ಗದಗಿನ ಕಡೆಯವರು. ಅರವತ್ತರ ದಶಕದಲ್ಲಿ ರೈಲ್ವೆಯವರು ಅವರನ್ನು ವರ್ಗ ಮಾಡಿ, ಗುಜರಾತಿನ ವಟ್ವಾ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್ನೊಂದರಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿ ಕೂರಿಸಿದ್ದರು. ಮನೆ ಅಹಮದಾಬಾದಿನ ಮಣಿನಗರದಲ್ಲಿ. ಅದೇ ಊರಿನ ಇಂಗ್ಲಿಷ್ ಪತ್ರಿಕೆಯಲ್ಲಿದ್ದ, ಮದುವೆಯಾಗದ ನಾನು ಅಕ್ಕನ ಅಡುಗೆಯ ಆಸೆಗೆ ಅವರ ಮುಂಗೋಣೆ ಹಿಡಿದಿದ್ದೆ.

ರೈಲ್ವೆಯಲ್ಲಿ ಒಂದು ಪದ್ಧತಿಯಿದೆ. ರೈಲು ಬರುವ ಮುಂಚೆ ಗೇಟ್‌ಮ್ಯಾನ್ 'ಗೇಟು ಹಾಕಿದೆ' ಎಂದು ಫೋನಿನಲ್ಲಿ ಹೇಳಿದರೆ ಸಾಲದು. ತನ್ನ ಬಳಿ ಇರುವ ಅಚ್ಚಿನ ಹಾಳೆಯಿಂದ ಎರಡಂಕಿಯ ಒಂದು ನಂಬರು ಕೊಡಬೇಕು. ಸ್ಟೇಷನ್ನಿನವರು ಅದನ್ನು ಬರೆದುಕೊಂಡ ಮೇಲೆಯೇ ಸಿಗ್ನಲ್. ಒಮ್ಮೆ ಕೊಟ್ಟ ನಂಬರನ್ನು ಹೊಡೆದುಹಾಕಬೇಕು. ಒಳ್ಳೆಯ ಪದ್ಧತಿಯೇ. ಭಾವ ಅದನ್ನು ಅಡುಗೆಮನೆಗೆ ತಂದದ್ದೇ ತೊಂದರೆ.

"ಒಲಿ ಆರಿಸಿದ್ಯಾ?"

"ಆರಿಸೀನ್ರಿ."

"ನಂಬರ್?"

"ನಲವತ್ತೆರಡು!"

ಭಾವ ಜೇಬಿನ ನೋಟ್‌ಬುಕ್ಕಿನಲ್ಲಿ ಬರೆಯಲು ಹೋಗಿ ನಿಂತರು. "ನಲವತ್ತೆರಡು ಮುಂಜಾನೆ ಹಿತ್ತಲ ಬಾಗಲಕ್ಕ ಕೊಟ್ಟೀದಿ. ಅದು ಮತ್ತ ನಡೆಯಂಗಿಲ್ಲ."

"ಹಂಗಾರ ಒಲಿ ಉರೀಲಿ ಬಿಡ್ರಿ, ನನ್ನ ಹತ್ರ ಇದ್ದ ನಂಬರೆಲ್ಲಾ ತೀರ್‍ಯಾವ!"

ಅಕ್ಕ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಭಾವ ಮಾತ್ರ ನಗುತ್ತಿರಲಿಲ್ಲ. ಅದು ನಮ್ಮ ಗಮನಕ್ಕೆ ಬರಲು ಒಂದು ವರ್ಷ ಹಿಡಿಯಿತು.

ಒಂದು ದಿನ ಅವರು ಸ್ಟೇಷನ್ನಿನಲ್ಲಿ ಒಂದೇ ಗೇಟಿಗೆ ನಾಲ್ಕು ಸಲ ನಂಬರು ಕೇಳಿ, ಗೂಡ್ಸ್ ರೈಲನ್ನು ಸಿಗ್ನಲ್ಲಿನ ಹೊರಗೆ ಬಹಳ ಹೊತ್ತು ನಿಲ್ಲಿಸಿಬಿಟ್ಟರು. ಮೇಲಿನವರು ಮೆಮೋ ಕಳಿಸಿದರು: ಮನಶ್ಶಾಸ್ತ್ರಜ್ಞರಿಗೆ ತೋರಿಸಿ ಮನಸ್ಸು ಸರಿಯಿದೆಯೆಂಬ ಕಾಗದ ತರಬೇಕು, ಇಲ್ಲವಾದರೆ ರೈಲು ನಡೆಸುವ ಕೆಲಸ ಬಿಡಬೇಕು. ಹದಿನೆಂಟನೆಯ ವಯಸ್ಸಿನಿಂದ ಭಾವನಿಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ.

ಎಲಿಸ್ ಬ್ರಿಜ್ ಬಳಿ ಒಬ್ಬ ಮನಶ್ಶಾಸ್ತ್ರಜ್ಞೆ ಇದ್ದರು. ಗುಜರಾತಿನಲ್ಲಿ ಹೆಂಗಸರನ್ನೆಲ್ಲ ಅಕ್ಕ ಎನ್ನುವ ಹಾಗೆ 'ಬೆನ್' ಎನ್ನುತ್ತಾರೆ. ನಾವೂ ಹಾಗೇ ಕರೆದೆವು. ಭಾವನ ಗುಜರಾತಿ ತರಕಾರಿ ಕೊಳ್ಳುವಷ್ಟು, ಇಂಗ್ಲಿಷ್ ರೈಲ್ವೆಯ ನಿಯಮಗಳ ಪುಸ್ತಕದಷ್ಟು. ಹೀಗಾಗಿ ನಾನು ದುಭಾಷಿ.

ಮೊದಲ ದಿನವೇ ಭಾವನಿಗೆ ಅಸಮಾಧಾನ. "ಗುಳಿಗಿ ಇಲ್ಲ, ಸೂಜಿ ಇಲ್ಲ, ಬರೇ ಕುಂತು ಮಾತಾಡೋದು! ಇದನ್ನ ನಮ್ಮ ಓಣ್ಯಾಗ ಕಟ್ಟಿ ಮ್ಯಾಲೆ ಪುಕ್ಕಟ ಮಾಡ್ತಿದ್ರಲ್ಲೋ!"

ಆದರೂ ಅರ್ಧ ಗಂಟೆ ಮಾತಾಡಿದರು. ನಾನು ಅದನ್ನು ಎರಡು ವಾಕ್ಯಕ್ಕಿಳಿಸಿ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಬೆನ್ ಕನ್ನಡಕ ತೆಗೆದರು.

"ಅವರು ಹೇಳಿದ್ದು ಇಷ್ಟೇನಾ?"

"ಉಳಿದದ್ದೆಲ್ಲ ಹಿನ್ನೆಲೆ, ಬೆನ್."

ಬಸ್ಸಿನಲ್ಲಿ ಭಾವ ನನ್ನ ಮುಖ ನೋಡಿ ಹೇಳಿದರು: "ನಾ ಅಷ್ಟು ಹೇಳ್ದೆ, ನೀ ಎರಡ ಮಾತಿನಾಗ ಮುಗಿಸ್ದಿ. ಭಾಳ ಶಾಣ್ಯಾ ಇದ್ದೀಪಾ." ನಾನು ಅದನ್ನು ಹೊಗಳಿಕೆ ಎಂದುಕೊಂಡೆ!

ಮೂರು ವಾರ ಹೀಗೇ ನಡೆಯಿತು. ಗುಣ ಕಾಣಲಿಲ್ಲ. ಭಾವ ಬೂಟು ಹಾಕಿಕೊಂಡು ಮಂಚದ ಮೇಲೆ ಗಂಟೆಗಟ್ಟಲೆ ಕೂರತೊಡಗಿದರು. ಅಕ್ಕ ಕೇಳಿದರೆ ಒಂದೇ ಮಾತು: "ಇನ್ನ ನನ್ನ ಕೈಲೆ ಆಗಂಗಿಲ್ಲ." ಅಕ್ಕ ಈಗ ನಂಬರುಗಳನ್ನು ನಗದೆ ಕೊಡುತ್ತಿದ್ದಳು. ಕೊಟ್ಟಷ್ಟೂ ಅವರು ಕೇಳುವುದು ಹೆಚ್ಚಿತು.

ನಾಲ್ಕನೆಯ ಸಲ ಬೆನ್ ಪೆನ್ಸಿಲ್ ಕೆಳಗಿಟ್ಟು ನನ್ನತ್ತ ತಿರುಗಿದರು. "ಇವತ್ತು ಪ್ರತಿ ಮಾತೂ ಹೇಳಿ. ಬೇಡ ಎನಿಸಿದ್ದನ್ನು ಮೊದಲು ಹೇಳಿ."

ಭಾವ ಮೊದಲ ದಿನ ಹೇಳಿದ್ದನ್ನೇ ಮತ್ತೆ ಹೇಳಿದರು. ಮನೆಯಲ್ಲಿ ನಂಬರು ಕೇಳುವುದು ಶುರುವಾಗುವ ಮುಂಚೆ, ಒಂದು ಬೇಸಿಗೆಯ ಮಧ್ಯಾಹ್ನ ಗೇಟ್‌ಮ್ಯಾನ್ ಫೋನು ಎತ್ತಲಿಲ್ಲ. ದಿನಾ ಗೇಟು ಹಾಕುವ ಮುದುಕ, ಹಾಕಿರುತ್ತಾನೆ ಎಂದುಕೊಂಡು ಭಾವ ತಾವೇ ಒಂದು ನಂಬರು ಬರೆದು ಸಿಗ್ನಲ್ ಕೊಟ್ಟರು. ಗೇಟು ತೆರೆದೇ ಇತ್ತು. ಒಂದು ಎತ್ತಿನ ಗಾಡಿ, ಅದರಲ್ಲಿ ತಾಯಿ ಮತ್ತು ಎರಡು ಕೂಸು, ಆಗಷ್ಟೇ ಹಳಿ ದಾಟಿತ್ತು. ಅದರ ಹಿಂದೆಯೇ ಮೇಲ್ ರೈಲು ಹೋಯಿತು. ತನ್ನದೂ ತಪ್ಪಿದ್ದುದರಿಂದ ಮುದುಕ ಭಾವನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

"ಯಾರೂ ನನ್ನ ಬೈಲಿಲ್ಲ," ಎಂದರು ಭಾವ. "ಒಬ್ರೂ ಬೈಲಿಲ್ಲೋ."

ಅಪಘಾತವಿಲ್ಲ, ಸಾವಿಲ್ಲ, ದೂರಿಲ್ಲ. ನಮ್ಮ ಪತ್ರಿಕೆಯ ಮೇಜಿನ ಮೇಲೆ ಅದು ಸುದ್ದಿಯೇ ಅಲ್ಲ. ಆದ್ದರಿಂದಲೇ ಮೊದಲ ದಿನ ಅದನ್ನು ಹೊಡೆದುಹಾಕಿದ್ದೆ. ಬೆನ್ ಮೂರು ವಾರ ಚಿಕಿತ್ಸೆ ಮಾಡಿದ್ದು ನಾನು ತಿದ್ದಿದ ಪ್ರತಿಗೆ. ಈ ಸಲ ಒಂದು ಮಾತೂ ಬಿಡದೆ ಹೇಳಿದೆ.

ಬೆನ್ ಒಂದು ನಿಯಮ ಹಾಕಿದರು: ಭಾವ ಇನ್ನು ನಂಬರು ಕೇಳಬಾರದು, ಮನೆಯಲ್ಲಿ ಯಾರೂ ಕೊಡಬಾರದು, ನೋಟ್‌ಬುಕ್ಕು ಬೆನ್ ಬಳಿಯೇ ಇರಬೇಕು. ರೈಲ್ವೆಯವರು ಕೇಳಿದ್ದ ಕಾಗದದಲ್ಲಿ ಸುಳ್ಳು ಬರೆಯಲೂ ಅವರು ಒಪ್ಪಲಿಲ್ಲ. ಹೀಗಾಗಿ ಮೇಲಿನವರು ಭಾವನನ್ನು ಪಾರ್ಸೆಲ್ ಆಫೀಸಿಗೆ ಹಾಕಿದರು. ಮಾವಿನ ಬುಟ್ಟಿಗಳ ನಡುವೆ ಕೂತು ಅವರು ರೈಲು ಹೋಗುವಾಗೆಲ್ಲ ತಲೆ ತಗ್ಗಿಸುತ್ತಿದ್ದರು.

ಮನೆಯಲ್ಲಿ ಒಲೆ ಆರುತ್ತಿತ್ತು, ಬಾಗಿಲಿಗೆ ಚಿಲಕ ಬೀಳುತ್ತಿತ್ತು. ಭಾವ ಬಾಯಿ ತೆರೆದು, ಮುಚ್ಚುತ್ತಿದ್ದರು. ಪ್ರಶ್ನೆ ಅವರ ತುಟಿಯ ಹಿಂದೆ ಸಿಗ್ನಲ್ ಸಿಗದ ಗೂಡ್ಸಿನ ಹಾಗೆ ನಿಂತಿರುತ್ತಿತ್ತು. ಗುಣವಾಯಿತೇ? ಕೇಳುವುದು ನಿಂತಿತು, ಭಯ ನಿಲ್ಲಲಿಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿ ನನ್ನ ಬಳಿ ಇಲ್ಲ.

ಆ ವರ್ಷದ ಕೊನೆಗೆ ಪತ್ರಿಕೆಯವರು ನನ್ನನ್ನು ಸೂರತ್‌ಗೆ ಬಾತ್ಮೀದಾರನಾಗಿ ಕಳಿಸಿದರು. ಅಹಮದಾಬಾದ್ ಸ್ಟೇಷನ್ನಿಗೆ ಭಾವ ಬಂದರು. ನನ್ನ ಟ್ರಂಕಿನ ಬೀಗ ಎಳೆದು ನೋಡಿದರು, ಕಿಟಕಿಯ ಚಿಲಕ ನೋಡಿದರು. ರೈಲು ಅಲುಗಿತು. ಭಾವ ಕಿಟಕಿಯ ಜೊತೆಗೇ ನಡೆಯತೊಡಗಿದರು.

"ಸೂರತ್ ಮುಟ್ಟಿದ ಮ್ಯಾಲೆ..." ಎಂದು ಶುರುಮಾಡಿ, ನಿಯಮ ನೆನಪಾಗಿ ತುಟಿ ಕಚ್ಚಿಕೊಂಡರು.

ನಾನು ಕಿಟಕಿಯಿಂದ ಕೂಗಿದೆ: "ಮುಟ್ಟಿದ ಕೂಡ್ಲೆ ಕಾಗದ ಹಾಕ್ತೀನಿ, ಭಾವಾ. ಐವತ್ತೇಳು!"

ಅವರು ಗಕ್ಕನೆ ನಿಂತರು. ಕೈ ಜೇಬಿಗೆ ಹೋಯಿತು. ಪೆನ್ಸಿಲ್ ಇತ್ತು, ನೋಟ್‌ಬುಕ್ಕು ಇರಲಿಲ್ಲ. ಎಡ ಅಂಗೈಯ ಮೇಲೆ ಒತ್ತಿ ಒತ್ತಿ ಬರೆದುಕೊಂಡರು. ಆಮೇಲೆ, ಅಳಿಸಿ ಹೋಗದಿರಲೆಂದೋ ಏನೋ, ಮುಷ್ಟಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ನನಗೆ ಹಸಿರು ಬಾವುಟದ ಹಾಗೆ ಕರವಸ್ತ್ರ ಬೀಸಿದರು.