ಹಲಸಿನ ಹಣ್ಣು, ನುಸಿ ಮತ್ತು ಗುಬ್ಬಿ ಅತ್ತೆ

ಮಗಳನ್ನು ನೋಡಲು ಕುಣಿಗಲ್ಲಿನಿಂದ ಬಂದವರು ಆಕಳಿಸಿದಾಗ ಒಂದು ನುಸಿ ಬಾಯೊಳಗೆ ಹೋಗಿಬಿಡಬಹುದಿತ್ತು. ಕೇಸರಿಬಾತಿನಲ್ಲಿ ಬಿದ್ದು ಏಲಕ್ಕಿ ಕಾಳಿನ ವೇಷ ಹಾಕಬಹುದಿತ್ತು. ಹುಡುಗನ ತಾಯಿಯ ಮೂಗುತಿಯ ಮೇಲೆ ಕೂರಬಹುದಿತ್ತು. ನಮ್ಮದು ಗಲೀಜು ಮನೆಯೆಂದು ಕುಣಿಗಲ್ ತುಂಬ ಸುದ್ದಿಯಾಗಬಹುದಿತ್ತು. ಇವೆಲ್ಲಕ್ಕಿಂತ ಘೋರವಾಗಿ, ನಮ್ಮ ಗುಬ್ಬಿ ಅತ್ತೆ ಅವರೆದುರು ಬಂದು ಮಾತಾಡಿಬಿಡಬಹುದಿತ್ತು!

ಈ ಅತ್ತೆ ನಮ್ಮಪ್ಪನ ತಂಗಿ, ಗುಬ್ಬಿ ಊರಿನವರು. ನುಸಿ ಓಡಿಸುವುದರಲ್ಲಿ ಅವರನ್ನು ಮೀರಿಸುವವರು ಇಡೀ ತುಮಕೂರಿನಲ್ಲೇ ಇಲ್ಲ. ನುಸಿ ತರುವುದರಲ್ಲೂ! ಮರಳೂರಿನ ನಮ್ಮ ಮನೆಗೆ ಬಂದಿಳಿದಾಗ ಅವರ ಸೊಂಟದ ಮೇಲೆ ಕೂಸಿನಂತೆ ಒಂದು ಹಲಸಿನ ಹಣ್ಣು. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೆಟ್ ತಗೊಳ್ಳಿ ಅಂದನಂತೆ. "ಇದೂ ಹೆಣ್ಣೇ ಕಣಪ್ಪಾ, ಫ್ರೀ ಬುಡು" ಅಂದರಂತೆ ಇವರು.

ಹಣ್ಣು ಮಾಗಿ ಬಿರಿಯಿತು. ಎಲ್ಲಿದ್ದವೋ ನುಸಿಗಳು, ನೆಂಟರಿಗಿಂತ ಮುಂಚೆ ಬಂದವು. ಅತ್ತೆ ಸೆರಗು ಸಿಕ್ಕಿಸಿ ಬೇವಿನ ಸೊಪ್ಪಿನ ಹೊಗೆ ಹಾಕಿದರು. ನುಸಿಗಳು ಒಳಗೇ ಉಳಿದವು, ಬೀದಿಗೆ ಬಂದದ್ದು ನಾವು. ಮೇಲಿನ ಮನೆಯವರು ಬಕೆಟ್ ಹಿಡಿದು ಓಡಿಬಂದರು. ಆಮೇಲೆ ಅತ್ತೆ ಲೋಟದಲ್ಲಿ ಬೆಲ್ಲದ ನೀರಿಟ್ಟು, ಮೇಲೆ ಪ್ಲಾಸ್ಟಿಕ್ ಕಟ್ಟಿ, ತೂತು ಮಾಡಿದರು. "ಒಳಕ್ಕೋದದ್ದು ಆಚಿಕ್ ಬರಾಕಿಲ್ಲ, ನೋಡ್ತಿರು." ಬಂದವು, ಸಂಸಾರ ಸಮೇತ.

"ಅತ್ತೆ, ಹಣ್ಣು ಎಸೆದುಬಿಡೋಣ."

"ಎಸಿಯಾದಾ? ಬೀಗ್ರಿಗೆ ನನ್ ಕೈಯಾರ ತೊಳೆ ಬುಡಿಸ್ಕೊಡ್ಬೇಕು ಅಂತ ತಂದಿವ್ನಿ ಕಣೋ!"

"ಅವರಿನ್ನೂ ಬೀಗರಾಗಿಲ್ಲ ಅತ್ತೆ."

ಆಗುವುದೂ ಅನುಮಾನವೇ, ಅತ್ತೆ ಬಾಯಿ ಬಿಟ್ಟರೆ! ಹಿಂದಿನ ಸಲ ಬಂದ ಹುಡುಗನ ತಲೆ ದಿಟ್ಟಿಸಿ, "ಈ ಕೂದ್ಲು ನಿಂದೇನಾ ಮಗ?" ಎಂದು ಕೇಳಿದ್ದರು. ಅವನದಲ್ಲ ಎಂಬುದು ಬೇರೆ ಮಾತು. ಸಂಬಂಧ ಮಾತ್ರ ಮುರಿಯಿತು. ಈಗಿನವನನ್ನೋ ಮಗಳು ತಾನೇ ಮೆಚ್ಚಿದ್ದಳು. ನನಗೆ ಊಟ ಸೇರದು, ನಿದ್ದೆ ಬಾರದು.

ಗಂಡಿನವರು ಬರುವ ದಿನ ಬೆಳಿಗ್ಗೆ ಅತ್ತೆ ನನ್ನ ಮುಖ ನೋಡಿದರು. ಏನು ಕಂಡಿತೋ! "ಹಣ್ಣು ಇದ್ ಕಡೀಕೆ ನುಸಿ ಬರ್ತವೆ. ನಾನು ಇದುನ್ನ ಹಿಡ್ಕಂಡು ಸ್ಟೋರ್ ರೂಮ್ನಾಗೆ ಕುಂತ್ಕತೀನಿ. ಎಲ್ಲಾ ನನ್ ಹಿಂದೇ ಬರ್ತವೆ, ಬುಡು."

ಬೇಡ ಎನ್ನಬೇಕಿತ್ತಲ್ಲವೇ? "ಸೆಕೆ ಆಗಲ್ವಾ ಅತ್ತೆ?" ಎಂದೆ. ಅಷ್ಟೇ. ಬಾಗಿಲು ಗಾಳಿಗೆ ತೆರೆದುಕೊಂಡೀತೆಂದು ಹೊರಗಿನಿಂದ ಚಿಲಕವನ್ನೂ ಹಾಕಿದೆ. ಗಾಳಿಯಂತೆ!

ಗಂಡಿನವರು ಬಂದರು. ಒಂದೇ ಒಂದು ನುಸಿಯೂ ಸುಳಿಯಲಿಲ್ಲ. ಕೇಸರಿಬಾತನ್ನು ಎರಡನೆಯ ಸಲ ಹಾಕಿಸಿಕೊಂಡರು. "ನಮಗೆ ಒಪ್ಪಿಗೆ" ಎಂದರು. ನಾನು ಹಿಗ್ಗಿ, ಅವರ ಕಾರಿನ ಮುಂದೆ ಸ್ಕೂಟರಿನಲ್ಲಿ ಹೋಗಿ ಕುಣಿಗಲ್ ರಸ್ತೆಯವರೆಗೂ ದಾರಿ ತೋರಿಸಿ ಬಂದೆ. ಬರುವಾಗ ಮೈಸೂರುಪಾಕು ತಂದು ಅಕ್ಕಪಕ್ಕದವರಿಗೆಲ್ಲ ಹಂಚಿದೆ.

"ಅಪ್ಪಾ, ಗುಬ್ಬಿ ಅಜ್ಜಿಗೆ ಕೊಟ್ಯಾ?" ಎಂದಳು ಮಗಳು.

ಓಡಿಹೋಗಿ ಬಾಗಿಲು ತೆಗೆದೆ. ರಾಗಿ ಮೂಟೆಯ ಮೇಲೆ ಕೂತಿದ್ದರು ಅತ್ತೆ. ಬೆವರಿಗೆ ರವಿಕೆ ಮೈಗಂಟಿತ್ತು. ತೊಡೆಯ ಮೇಲೆ ಹಣ್ಣು, ಹಣ್ಣಿನ ಮೇಲೆ, ತಲೆಯ ಮೇಲೆ, ಬಿಳಿ ರೆಪ್ಪೆಗಳ ಮೇಲೂ ನುಸಿ.

"ಓದ್ರಾ?" ಎಂದರು ಪಿಸುಮಾತಿನಲ್ಲಿ. "ಒಪ್ಪುದ್ರಾ?"

"ಒಪ್ಪಿದರು ಅತ್ತೆ. ಬಾಗಿಲು ತಟ್ಟಬಾರದಿತ್ತಾ?"

"ತಟ್ಟಿದ್ರೆ ಒಳಗ್ಯಾರವ್ರೆ ಅಂತ ಕೇಳೋರು. ನೀನು ಏನಂತ ಹೇಳ್ತಿದ್ದೆ, ಪಾಪ."

ಅಂದು ನಾನು ಹೆದರಿದ್ದು ಯಾವುದೂ ನಡೆಯಲಿಲ್ಲ. ನಡೆದ ಕೆಟ್ಟದ್ದು ಒಂದೇ, ನಾನು ಹಾಕಿದ ಬೆರಳುದ್ದದ ಒಂದು ಚಿಲಕ.