ಸರ್ ಹ್ಯೂ ಅವರ ಕುಂಟುಗಾಲು

ಬೇಸಿಲ್ ಥ್ರೆಲ್ಫಾಲ್‌ನ ದುಃಖ ಒಂದೇ. ಆರು ನೂರು ವರ್ಷಗಳ ಹಿಂದೆ ಅಜಿನ್‌ಕೋರ್ಟ್ ರಣರಂಗದಲ್ಲಿ ಫ್ರೆಂಚರನ್ನು ಸದೆಬಡಿದ ಸರ್ ಹ್ಯೂ ಥ್ರೆಲ್ಫಾಲ್‌ನ ವಂಶದ ಕುಡಿಗೆ, ಸ್ವಂತ ಮನೆಯಲ್ಲಿ ಕಸದ ಡಬ್ಬಿ ಹೊರಗಿಡುವ ಅಧಿಕಾರವಷ್ಟೇ ದಕ್ಕಿತ್ತು.

ಕಾಲಿಗೆ ಬಾಣ ನಾಟಿ ಹ್ಯೂ ಸಾಯುವ ತನಕ ಕುಂಟುತ್ತಿದ್ದನೆಂದು ತಾತ ಹೇಳಿದ್ದ. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಬೇಸಿಲ್, ಆ ಕತೆಯನ್ನು ಮಾತ್ರ ಎಂದೂ ತಪಾಸಣೆ ಮಾಡಿರಲಿಲ್ಲ. ವಿಕ್‌ಹೋಪ್ ಹಳ್ಳಿಯ ಪಬ್ಬಿನಲ್ಲಿ ಅದನ್ನು ಕೇಳದ ಕಿವಿ ಇರಲಿಲ್ಲ. (ಅವನು ಶುರು ಮಾಡಿದರೆ ನಾಯಿಗಳೂ ಎದ್ದು ಹೋಗುತ್ತಿದ್ದವು.) ಈಗ ಶನಿವಾರಕ್ಕೆ ಊರಿನ ಸಭಾಂಗಣದಲ್ಲಿ ‘ನನ್ನ ವೀರ ಪೂರ್ವಜರು’ ಎಂಬ ಭಾಷಣ ನಿಗದಿಯಾಗಿತ್ತು.

ಪುರಾವೆ ಒಂದಿದ್ದರೆ ಮೆರುಗು ಎಂದು ಬುಧವಾರ ಹೆಂಡತಿ ಮ್ಯೂರಿಯಲ್ ಜೊತೆ ದಾಖಲೆಗಳ ಕಚೇರಿಗೆ ಹೋದ. ಲ್ಯಾಟಿನ್ ಬಲ್ಲ ಮಿಸ್ ಕ್ರಂಪ್, ಹಳೆಯ ಜಮೀನ್ದಾರಿ ನ್ಯಾಯಸಭೆಯ ಚರ್ಮದ ಸುರುಳಿ ಬಿಚ್ಚಿದಳು.

“ಸಿಕ್ಕಿದ್ರು. ಹ್ಯೂ ಥ್ರೆಲ್ಫಾಲ್, ಹಂದಿ ಕಾಯೋನು.”

“‘ಸರ್’ ಅಂತಿರಬೇಕು, ಸರಿಯಾಗಿ ನೋಡಿ.”

“ಹಂದಿ ಅಂತಲೇ ಇದೆ. ಸೈನ್ಯಕ್ಕೆ ಜನ ಹಿಡಿಯೋಕೆ ಬಂದಾಗ ಗಿರಣಿಯ ಹಿಟ್ಟಿನ ಪೆಟ್ಟಿಗೇಲಿ ಅಡಗಿದ್ರಂತೆ. ಸೀನು ಬಂದು ಸಿಕ್ಕಿಬಿದ್ರು. ಹೊರಗೆ ಬರೋವಾಗ ಮುಚ್ಚಳ ಬಿದ್ದು ಕಾಲು ಮುರೀತು. ಸೈನ್ಯದವರು ಇವನು ಬೇಡ ಅಂತ ಬಿಟ್ಟುಹೋದ್ರು.”

ಬೇಸಿಲ್ ತನಗೆ ಓದಲು ಬಾರದ ಸುರುಳಿಯ ಮೇಲೆ ಬಾಗಿದ. “ಅಂದ್ರೆ ಕುಂಟಿದ್ದು ನಿಜ.”

“ನಿಜ,” ಎಂದಳು ಮ್ಯೂರಿಯಲ್. “ಫ್ರೆಂಚರ ಕೈವಾಡ ಇರಲಿಲ್ಲ, ಅಷ್ಟೇ.”

ಮನೆಗೆ ಬರುವಾಗ ಬಸ್ಸಿನಲ್ಲಿ ಅವನು ಗೋಗರೆದ. “ಊರಲ್ಲಿ ಯಾರಿಗೂ ಹೇಳ್ಬೇಡ ಕಣೇ.”

“ನಾನ್ಯಾಕೆ ಹೇಳ್ಲಿ ಮಾರಾಯ? ಬಾಯೇ ಬಿಡಲ್ಲ.”

ಮಾತಿಗೆ ತಪ್ಪಲಿಲ್ಲ. ಶನಿವಾರ ಮೊದಲ ಸಾಲಿನಲ್ಲಿ ಹೆಣಿಗೆ ಹಿಡಿದು ಕೂತಳು. ಬೇಸಿಲ್ “ಬಾಣಗಳ ಮಳೆಯಲ್ಲಿ ಸರ್ ಹ್ಯೂ ಎದೆಯುಬ್ಬಿಸಿ” ಎನ್ನುತ್ತಿದ್ದಂತೆ ಸೀನಿದಳು. “ಖಡ್ಗವನ್ನು ಹಿರಿದು” ಎಂದಾಗ ಮತ್ತೊಮ್ಮೆ.

“ಶೀತ ಆಯ್ತಾ ಮ್ಯೂರಿಯಲ್?” ಎಂದು ಕೇಳಿದಳು ಸಮಿತಿಯ ಅಧ್ಯಕ್ಷೆ ಡಿಲಿಸ್ ಪ್ರಾಸರ್.

“ಇಲ್ಲಪ್ಪ. ಎಲ್ಲೋ ಹಿಟ್ಟಿನ ವಾಸನೆ.”

ಬೇಸಿಲ್‌ಗೆ ಸರ್ ಹ್ಯೂನನ್ನು ಹೊತ್ತು ಹೊತ್ತು ಒಮ್ಮೆಲೇ ಸಾಕೆನಿಸಿತು. ಹಾಳೆಗಳನ್ನು ಮಡಿಸಿಟ್ಟು ಹಂದಿ, ಹಿಟ್ಟು, ಮುಚ್ಚಳ ಎಲ್ಲವನ್ನೂ ಹೇಳಿಬಿಟ್ಟ. “ಅವನು ಯುದ್ಧಕ್ಕೆ ಹೋಗಿದ್ರೆ ಇಲ್ಲಿ ನಿಂತು ಕೊರೆಯೋಕೆ ನಾನೇ ಇರ್ತಿರಲಿಲ್ಲ” ಎಂದಾಗ ಜನ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಒಬ್ಬರೂ ಎದ್ದು ಹೋಗಲಿಲ್ಲ.

ಅಲ್ಲೇ ಎಡವಟ್ಟಾಯಿತು. ಡಿಲಿಸ್ ಅದನ್ನೇ ಬೇಸಗೆಯ ಜಾತ್ರೆಗೆ ನಾಟಕ ಮಾಡಿಸಿದಳು. ಹ್ಯೂ ಪಾತ್ರಕ್ಕೆ ಬೇಸಿಲ್, ಸೈನ್ಯದ ದಳಪತಿಯಾಗಿ ಮ್ಯೂರಿಯಲ್. ಆ ದಿನ ಊರೆಲ್ಲ ನೋಡುತ್ತಿರಲು ಬೇಸಿಲ್ ನಿಜವಾದ ಹಿಟ್ಟಿದ್ದ ಪೆಟ್ಟಿಗೆಯಲ್ಲಿ ಮುದುಡಿ ಕೂತ. ಮ್ಯೂರಿಯಲ್ ದಾಪುಗಾಲಿಡುತ್ತ ಬಂದು ಮುಚ್ಚಳದ ಮೇಲೆ ಕೂತಳು. ಒಳಗಿನಿಂದ ಒಂದು ಸೀನು, ಎರಡು, ಆರು, ಆಮೇಲೆ ದಬದಬ ಗುದ್ದುವ ಸದ್ದು.

ದಳಪತಿ ಕಿವಿಗೊಟ್ಟು ಕೇಳಿದಳು. “ಇಲ್ಯಾರೂ ಇಲ್ಲ,” ಎಂದು ಸೈನ್ಯವನ್ನು ಚಹಾ ಕುಡಿಯಲು ಕರೆದೊಯ್ದಳು.