ಬಿಸಲಿಗೂ ಒಂದು ಕೀಲಿ

ನಾನು ಬಾಯಿ ಮುಚ್ಚಿಕೊಂಡು ಕೂತರೂ ದವಾಖಾನ್ಯಾಗ ಏನಾರ ಒಂದು ನಡದೇ ನಡೀತದ. ಹೆಂಡತಿ ಬೆರಳ ಬಾತು ಮಡಚಾಕ ಬರದಂಗ ಆದಾಗಿಂದ ಕಮಲಾಪುರ-ಕಲಬುರಗಿ ಅಡ್ಡಾಡಿ ನನ್ನ ಚಪ್ಪಲಿ ಸವದಾವ. ರೊಟ್ಟಿ ಬಡಿಯೋ ಕೈ ಆಕಿದು. ಆ ಕೈ ವಾಪಸ್ ಬರಬೇಕು, ಅಷ್ಟೇ.

೧. ಬಿಸಲ ಕಮ್ಮಿ

ಸ್ಟೇಶನ್ ಬಜಾರದ ಡಾಕ್ಟರ್ ರಿಪೋರ್ಟ್ ನೋಡಿ, "ವಿಟಮಿನ್ ಡಿ ಭಾಳ ಕಮ್ಮಿ ಅದ. ಬಿಸಲಾಗ ಕೂಡ್ರಸ್ರಿ" ಅಂದ್ರು.

"ಸಾಹೇಬ್ರ, ನಮ್ಮ ಬಾಳಿ ತೋಟದ ಬಿಸಲ ನಿಮಗ ಗೊತ್ತಿಲ್ಲ. ಒಮ್ಮೆ ಕಾಗಿ ಹಾರೋದು ಬಿಟ್ಟು, ನನ್ನ ನೆರಳಾಗ ಮನಿತನಕ ನಡಕೊಂತ ಬಂದಿತ್ತು!"

"ಖರೇ ಏನಮ್ಮ?" ಅಂತ ಡಾಕ್ಟರ್ ಹೆಂಡತಿನ್ನ ಕೇಳಿದ್ರು.

"ಕಾಗಿನೂ ನೋಡಿಲ್ಲ, ಬಿಸಲೂ ನೋಡಿಲ್ರಿ" ಅಂದಳು ಹೆಂಡತಿ. "ಇವರಿಗೆ ರೊಟ್ಟಿ ಬಡದು ಹೊರಗ ಬರೋದ್ರಾಗ ಹೊತ್ತು ಮುಣಗಿರ್ತದ."

೨. ಕಾವಲು ನಾಯಿ

ಮುಂದಿನ ಸಲ ಡಾಕ್ಟರ್ ತಿಳಿಸಿ ಹೇಳಿದ್ರು: "ರೋಗ ಬಂದ್ರ ಹೊಡಿಯೋ ಕಾವಲು ಪಡೆ ಮೈಯೊಳಗ ಇರ್ತದ. ಇವರ ಪಡೆ ತನ್ನ ಕೀಲುಗಳನ್ನೇ ಹೊಡೀಲತ್ತದ."

"ಹಂಗಾರ ನಮ್ಮ ನಾಯಿ ಇದ್ದಂಗ!" ಅಂದೆ. "ಕಳ್ಳ ಬಂದ್ರ ಬಾಲ ಅಲ್ಲಾಡಸ್ತದ, ನಾ ಬಂದ್ರ ಕಡೀತದ."

ಹೆಂಡತಿ ಮೆಲ್ಲಕ ಅಂದಳು: "ನಾಯಿಗೆ ಮನಷ್ಯಾರ ಪರೀಕ್ಷಾ ಛಲೋ ಅದರಿ."

೩. ಯಾರ ರಕ್ತ?

ಆಮ್ಯಾಲ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಬಂದಳು. ಇಂಥ ರೋಗದ ಮ್ಯಾಲೆ ಓದಾಕಿ. ಹೆಂಡತಿ ರಕ್ತ ತಗೊಂಡು ಹೇಳಿದಳು: "ಅಜ್ಜಾರ, ವಿಟಮಿನ್ ಡಿ ಅಂದ್ರ ಕೀಲಿಕೈ ಇದ್ದಂಗ. ಅದು ತಗಿಯೋ ಬೀಗ, ಅಂದ್ರ ಕೀಲಿ, ಮೈಯೊಳಗ ಇರ್ತದ. ಹುಟ್ಟಿನಿಂದಲೇ ಒಬ್ಬೊಬ್ಬರ ಕೀಲಿ ಜರಾ ಬ್ಯಾರೆ. ಈ ರೋಗಕ್ಕ ಅದೂ ಒಂದು ಕಾರಣ ಇರಬಹುದೇನೋ ಅಂತ ಹುಡುಕ್ಲತ್ತೀವಿ. ನಿಮ್ಮ ಮಂದ್ಯಾಗ ಮತ್ತ ಯಾರಿಗರೆ ಅದ ಏನು?"

ನಾ ಎದಿ ಉಬ್ಬಿಸಿದೆ. "ನಮ್ಮ ಕಡೆ ಒಬ್ಬರಿಗೂ ಇಲ್ಲ! ನಮ್ಮದು ಕಬ್ಬಿಣದ ರಕ್ತ. ನಮ್ಮ ಮುತ್ಯಾ ಮೊಣಕಾಲಲೇ ಬಂಡಿಗಲ್ಲ ಒಡೀತಿದ್ದ. ಕೆಟ್ಟಿದ್ದು ಎಲ್ಲಾ ಇಕಿ ಕಡೆದು. ಇಕಿ ಅವ್ವನ ಬೆರಳ ನೋಡ್ಬೇಕಿತ್ತು ನೀವು, ಸೊಟ್ಟ ಸೊಟ್ಟ!"

ಡಾಕ್ಟರಮ್ಮ ಎಲ್ಲಾ ಬರಕೊಂಡಳು. ಹೆಂಡತಿ ಕೇಳಿದಳು, "ನಮ್ಮವ್ವ ನಿಮಗ ಏನಾಗಬೇಕಂತ ಹೇಳ್ರಲ್ಲ."

ನಾ ಫ್ಯಾನ್ ನೋಡಿದೆ.

"ಇವರ ಒಡಹುಟ್ಟಿದ ಅಕ್ಕರಿ" ಅಂದಳು ಆಕಿನೇ. "ನಾ ಇವರ ಸೋದರ ಸೊಸಿ. ಹುಟ್ಟಿದ ದಿನಾನೇ ನನ್ನ ಇವರಿಗೆ ಅಂತ ಇಟ್ಟಿದ್ರು."

ಡಾಕ್ಟರಮ್ಮ ಬರೆದಿದ್ದನ್ನ ಹೊಡದು ಹಾಕಿ, ಇನ್ನೊಂದು ಸೂಜಿ ತಗದಳು. "ಅಜ್ಜಾರ, ನಿಮ್ಮ ರಕ್ತನೂ ಬೇಕು."

ಹೆಂಡತಿ ಆ ಬಾತ ಬೆರಳಲೇ ನನ್ನ ಅಂಗಿ ತೋಳ ಏರಿಸಿದಳು. "ಮೆಲ್ಲಕ ಚುಚ್ಚವ್ವ, ಕಬ್ಬಿಣ ಅದು. ಸೂಜಿ ಮುರದೀತು."